ತೇರು ವಾಲುವುದು ಅಪಶಕುನವೋ, ಅಚ್ಚಿನ ಲೆಕ್ಕವೋ?

ಜಾತ್ರೆ ಸೀಸನ್ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ವಿಡಿಯೊ ತಿರುಗಾಡುತ್ತದೆ. ಜನರ ನಡುವೆ ಬರುತ್ತಿರುವ ದೊಡ್ಡ ತೇರು ಒಮ್ಮೆ ನಿಂತಂತೆ ಕಾಣುತ್ತದೆ, ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ, ನೋಡನೋಡುತ್ತಿದ್ದಂತೆ ಉರುಳುತ್ತದೆ. ಕೆಳಗೆ ಬರಹ: 'ಊರಿಗೆ ಕೇಡು ಕಾದಿದೆ, ಹತ್ತು ಜನರಿಗೆ ಕಳಿಸಿ.' ಕೆಲವೊಮ್ಮೆ ಊರಿನ ಹೆಸರೂ ಇರುವುದಿಲ್ಲ, ವರ್ಷವೂ ಇರುವುದಿಲ್ಲ.

ಇಂಥ ವಿಡಿಯೊ ಪೈಕಿ ನಮ್ಮ ಭಾಗದವರಿಗೆ ಚೆನ್ನಾಗಿ ನೆನಪಿರುವುದು ಕೊಟ್ಟೂರಿನದು. 2017ರ ಫೆಬ್ರುವರಿ 21ರ ಸಂಜೆ ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವ ನಡೆಯುತ್ತಿದ್ದಾಗ ತೇರು ಉರುಳಿಬಿತ್ತು, ಹಲವರು ಗಾಯಗೊಂಡರು. ಆಗ ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ, ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತಾಲ್ಲೂಕು ಆಗಿದ್ದು, ವಿಜಯನಗರ ಜಿಲ್ಲೆಗೆ ಬಂದಿದ್ದು ಆಮೇಲೆ. ತೇರು ಸುಮಾರು 60 ಅಡಿ ಎತ್ತರದ್ದು, ಗಾಲಿಯ ಅಚ್ಚು ಮುರಿದದ್ದೇ ಕಾರಣ ಎಂದು ಅಂದಿನ ವರದಿಗಳು ಹೇಳಿದ್ದವು.

'ಅಚ್ಚು ಮುರಿಯಿತು' ಎಂದು ಕೇಳಿದ ಕೂಡಲೇ ನಮಗೆ ಎರಡು ಪ್ರಶ್ನೆ ಹುಟ್ಟಬೇಕು. ವರ್ಷಗಟ್ಟಲೆ ತಡೆದ ಅಚ್ಚು ಅವತ್ತೇ ಯಾಕೆ ಮುರಿಯುತ್ತದೆ? ಅಚ್ಚು ಮುರಿದ ಮಾತ್ರಕ್ಕೆ ಇಡೀ ತೇರು ಯಾಕೆ ಉರುಳಬೇಕು, ಎತ್ತಿನ ಬಂಡಿಯ ಹಾಗೆ ಒಂದು ಮಗ್ಗುಲಿಗೆ ಕೂತು ಸುಮ್ಮನಾಗಬಾರದೆ? ಎರಡಕ್ಕೂ ಉತ್ತರ ಡಿಪ್ಲೊಮಾ, ಎಂಜಿನಿಯರಿಂಗ್ ಮೊದಲ ವರ್ಷದ ಪಾಠದಲ್ಲಿದೆ. ಆ ಪಾಠಕ್ಕೆ ಸ್ಟ್ಯಾಟಿಕ್ಸ್ ಎಂದು ಹೆಸರು, ಕನ್ನಡದಲ್ಲಿ ಸ್ಥಿತಿಶಾಸ್ತ್ರ. ಅಲುಗದೆ ನಿಂತ ವಸ್ತುವಿನ ಮೇಲೆ ಯಾವ ಯಾವ ಬಲ ಬೀಳುತ್ತಿದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಶಕುನವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಅಚ್ಚಿನ ಲೆಕ್ಕವನ್ನು ಮೊದಲೇ ಮಾಡಿ ನೋಡಬಹುದು, ಬೇಕಾದರೆ ಅಚ್ಚನ್ನೇ ಬದಲಿಸಬಹುದು.

ನಿಲ್ಲುವುದು ಎಂದರೇನು?

ಒಂದು ವಸ್ತು ನಿಂತಲ್ಲೇ ನಿಲ್ಲಬೇಕಾದರೆ ಮೂರು ಲೆಕ್ಕ ಸರಿಹೋಗಬೇಕು. ಮೇಲೆ-ಕೆಳಗೆ ಎಳೆಯುವ ಬಲಗಳು ಒಂದಕ್ಕೊಂದು ವಜಾ ಆಗಬೇಕು. ಎಡ-ಬಲಕ್ಕೆ ಎಳೆಯುವ ಬಲಗಳೂ ಹಾಗೆಯೇ. ಮೂರನೆಯದು ತಿರುಗಿಸುವ ಬಲ. ತೇರಿನ ವಿಷಯದಲ್ಲಿ ಮುಖ್ಯವಾಗುವುದು ಈ ಮೂರನೆಯದೇ.

ಹೊಲದಲ್ಲಿ ಹಾರೆಯಿಂದ ಬಂಡೆ ಮೀಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರೆಯನ್ನು ತುದಿಯಲ್ಲಿ ಹಿಡಿದು ಒತ್ತಿದರೆ ಬಂಡೆ ಏಳುತ್ತದೆ, ಬಂಡೆಯ ಹತ್ತಿರ ಹಿಡಿದು ಒತ್ತಿದರೆ ಮೈ ಬೆವರುತ್ತದೆಯೇ ಹೊರತು ಬಂಡೆ ಏಳುವುದಿಲ್ಲ. ಬಲವನ್ನು ದೂರದಿಂದ ಗುಣಿಸಿದರೆ ಬರುವುದೇ ತಿರುಗಿಸುವ ಬಲ. 1 ಟನ್ ಭಾರ 5 ಅಡಿ ದೂರದಿಂದ ತಿರುಗಿಸಿದರೆ 5 ಟನ್-ಅಡಿ. ಈ ಒಂದು ಗುಣಾಕಾರ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇನ್ನೊಂದು ಮಾತು ಗುರುತ್ವ ಕೇಂದ್ರದ್ದು. ತೇರಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದು ಭಾವಿಸಿದರೆ ಆ ಬಿಂದು ಎಲ್ಲಿರುತ್ತದೋ ಅದು ಗುರುತ್ವ ಕೇಂದ್ರ. ಅಲ್ಲಿಂದ ತೂಗುದಾರ ಬಿಟ್ಟರೆ ಗುಂಡು ಎರಡು ಬದಿಯ ಗಾಲಿಗಳ ನಡುವೆ ಇರುವ ತನಕ ತೇರು ಎಷ್ಟೇ ವಾಲಿದರೂ ಅದರ ಭಾರವೇ ಅದನ್ನು ಮತ್ತೆ ನೆಟ್ಟಗೆ ತರುತ್ತದೆ. ಗುಂಡು ಗಾಲಿಯಿಂದ ಹೊರಗೆ ಹೋಯಿತೋ, ಅದೇ ಭಾರ ತೇರನ್ನು ಕೆಡವುತ್ತದೆ. ಹಾಗಾಗಿ 'ಭಾರ ಜಾಸ್ತಿ ಇದ್ದರೆ ತೇರು ಬೀಳಲ್ಲ' ಎಂಬ ಮಾತು ಅರ್ಧ ಸತ್ಯ. ಭಾರ ಎಲ್ಲಿದೆ ಎಂಬುದನ್ನೂ ನೋಡಬೇಕು.

ಒಂದು ಲೆಕ್ಕದ ತೇರು

ಈಗ ನಾವು ಒಂದು ತೇರನ್ನು ಕಾಗದದ ಮೇಲೆ ಕಟ್ಟೋಣ. ಇದು ಕೊಟ್ಟೂರಿನ ತೇರಿನ ಅಳತೆಯಲ್ಲ, ಯಾವ ಊರಿನದೂ ಅಲ್ಲ. ಲೆಕ್ಕ ಸುಲಭವಾಗಲಿ ಎಂದು ನಾವೇ ಹಾಕಿಕೊಂಡ ಅಂಕಿಗಳು.

ಕೆಳಗಿನ ತೇರುಗಡ್ಡೆ ಮತ್ತು ಗಾಲಿಗಳು ಸೇರಿ 20 ಟನ್, ಅದರ ಗುರುತ್ವ ಕೇಂದ್ರ ನೆಲದಿಂದ 6 ಅಡಿ ಮೇಲೆ. ಮೇಲಿನ ಬಿದಿರು, ಬಟ್ಟೆ, ಹಗ್ಗ, ಹೂವಿನ ಹಾರ, ಕಳಸ ಎಲ್ಲ ಸೇರಿ 4 ಟನ್, ಅದರ ಕೇಂದ್ರ 30 ಅಡಿಯಲ್ಲಿ. ತೇರಿನ ಮೇಲೆ ಕೂತ ಹದಿನೈದು ಜನ ಸುಮಾರು 1 ಟನ್, 15 ಅಡಿ ಎತ್ತರದಲ್ಲಿ. ಒಟ್ಟು ಎತ್ತರ 60 ಅಡಿ, ಎಡ-ಬಲ ಗಾಲಿಗಳ ನಡುವಿನ ಅಗಲ 10 ಅಡಿ.

ಪ್ರತಿ ಭಾರವನ್ನು ಅದರ ಎತ್ತರದಿಂದ ಗುಣಿಸಿ ಕೂಡಿದರೆ 120, 120, 15, ಒಟ್ಟು 255. ಇದನ್ನು ಒಟ್ಟು ಭಾರ 25 ಟನ್‌ನಿಂದ ಭಾಗಿಸಿದರೆ 10.2 ಅಡಿ. ಅಂದರೆ 60 ಅಡಿಯ ತೇರಿನ ಗುರುತ್ವ ಕೇಂದ್ರ ಬರೀ 10 ಅಡಿಯಲ್ಲಿದೆ. ನೋಡುವವರ ಕಣ್ಣು ಕಳಸದ ಮೇಲಿರುತ್ತದೆ, ಭಾರ ಮಾತ್ರ ಕೆಳಗೇ ಇರುತ್ತದೆ. ಹಳೆಯ ಕಾಲದ ಬಡಗಿಗಳು ತೇರುಗಡ್ಡೆಗೆ ದಪ್ಪ ಮರ ಹಾಕಿ ಮೇಲಕ್ಕೆ ಬರೀ ಬಿದಿರು, ಬಟ್ಟೆ ಕಟ್ಟಿದ್ದು ಚೆಂದಕ್ಕಾಗಿ ಮಾತ್ರ ಅಲ್ಲ. ಎಳೆಯುವ ಮಿಣಿಯನ್ನು ತೇರಿನ ಬುಡಕ್ಕೆ ಕಟ್ಟುವುದೂ ಅಷ್ಟೇ. ನೂರಾರು ಜನರ ಎಳೆತ ನೆಲದ ಹತ್ತಿರವೇ ಬಿದ್ದರೆ ತೇರು ಮುಂದಕ್ಕೆ ಹೋಗುತ್ತದೆ, ಅದೇ ಎಳೆತ ಮೇಲೆ ಬಿದ್ದರೆ ಮುಂದಕ್ಕೆ ಮುಗ್ಗರಿಸುತ್ತದೆ.

ಇದೇ ತೇರುಗಡ್ಡೆ ಇಟ್ಟುಕೊಂಡು ಎತ್ತರವನ್ನು 120 ಅಡಿಗೆ ಏರಿಸಿದೆವು ಎನ್ನೋಣ. ಮೇಲಿನ ಕಟ್ಟು 8 ಟನ್, ಅದರ ಕೇಂದ್ರ 60 ಅಡಿಯಲ್ಲಿ. ಈಗ ಲೆಕ್ಕ 120, 480, 15, ಒಟ್ಟು 615. 29 ಟನ್‌ನಿಂದ ಭಾಗಿಸಿದರೆ 21.2 ಅಡಿ. ಗುರುತ್ವ ಕೇಂದ್ರ ಎರಡು ಪಟ್ಟಿಗೂ ಮೇಲೆ ಹೋಯಿತು, ಗಾಲಿಗಳ ಅಗಲ ಮಾತ್ರ ಅದೇ 10 ಅಡಿ.

ಅಚ್ಚು ಮುರಿದು ಒಂದು ಬದಿ 3 ಅಡಿ ಕುಸಿಯಿತು ಎಂದುಕೊಳ್ಳಿ. 10 ಅಡಿ ಅಗಲಕ್ಕೆ 3 ಅಡಿ ಇಳಿದರೆ, ಪ್ರತಿ ಅಡಿ ಎತ್ತರಕ್ಕೆ ಗುರುತ್ವ ಕೇಂದ್ರ 0.3 ಅಡಿ ಪಕ್ಕಕ್ಕೆ ಸರಿಯುತ್ತದೆ. ಮೊದಲ ತೇರಿನಲ್ಲಿ ಅದು ಸುಮಾರು 3.1 ಅಡಿ, ಎರಡನೆಯದರಲ್ಲಿ 6.4 ಅಡಿ. ನಡುವಿನಿಂದ ಗಾಲಿಗೆ ಇರುವ ದೂರ 5 ಅಡಿ, ವಾಲಿದಾಗ ಅದು ಸುಮಾರು 4.8 ಅಡಿಗೆ ಇಳಿಯುತ್ತದೆ. ಮೊದಲ ತೇರು ವಾಲಿ ಕೂರುತ್ತದೆ. ಎರಡನೆಯದು ಉರುಳುತ್ತದೆ. ಮುರಿದದ್ದು ಒಂದೇ ಥರದ ಅಚ್ಚು, ಕುಸಿದದ್ದು ಅದೇ 3 ಅಡಿ.

ಹಾಗಾದರೆ ಕೊಟ್ಟೂರಿನ 60 ಅಡಿ ತೇರು ಯಾಕೆ ಉರುಳಿತು ಎಂದು ನೀವು ಕೇಳಬಹುದು. ನಮ್ಮ ಲೆಕ್ಕ ತೇರು ಮೆಲ್ಲಗೆ ಇಳಿದು ಕೂತಿತು ಎಂದು ಭಾವಿಸುತ್ತದೆ. ನಿಜದಲ್ಲಿ ಅಚ್ಚು ಪಟ್ಟನೆ ಮುರಿಯುತ್ತದೆ, ತೇರು ಧೊಪ್ಪನೆ ಕುಸಿಯುತ್ತದೆ, ಆ ರಭಸ ಅದನ್ನು ನಿಲ್ಲಬೇಕಾದ ಜಾಗದಿಂದ ಇನ್ನೂ ಆಚೆ ಒಯ್ಯುತ್ತದೆ. ಮೇಲಿನ ಬಿದಿರಿನ ಕಟ್ಟು ತೂಗಾಡುತ್ತದೆ. ತೇರು ಚಲಿಸುತ್ತಿದ್ದರೆ ಅದರ ವೇಗವೂ ಸೇರುತ್ತದೆ. ರಸ್ತೆಯೂ ಒಂದು ಕಡೆಗೆ ಇಳಿಜಾರಿದ್ದರೆ ಕೇಳುವುದೇ ಬೇಡ. ಸ್ಟ್ಯಾಟಿಕ್ಸ್ ಲೆಕ್ಕ ಹೇಳುವುದು ಕನಿಷ್ಠ ಎಷ್ಟು ಬೇಕು ಎಂಬುದನ್ನು ಮಾತ್ರ. ಅದರ ಮೇಲೆ ಧಾರಾಳವಾಗಿ ಅಂತರ ಬಿಟ್ಟುಕೊಳ್ಳಬೇಕು.

ಅಚ್ಚು ಅವತ್ತೇ ಯಾಕೆ ಮುರಿಯುತ್ತದೆ?

25 ಟನ್ ತೇರು, ನಾಲ್ಕು ಗಾಲಿ. ಒಂದೊಂದರ ಮೇಲೆ ಆರೂಕಾಲು ಟನ್ ಎಂದು ಯಾರಾದರೂ ಭಾಗಿಸಿಬಿಡುತ್ತಾರೆ. ಇಲ್ಲೇ ದೊಡ್ಡ ಮೋಸ ಇರುವುದು.

ಮನೆಯಲ್ಲಿ ಮೂರು ಗುಂಡಿನ ಒಲೆ ನೋಡಿದ್ದೀರಲ್ಲ, ಗುಂಡುಗಳು ಹೆಚ್ಚುಕಮ್ಮಿ ಇದ್ದರೂ ಪಾತ್ರೆ ಗಡಗಡ ಅನ್ನುವುದಿಲ್ಲ. ಪಾತ್ರೆ ಸ್ವಲ್ಪ ಓರೆಯಾದೀತು, ಆದರೆ ಮೂರೂ ಗುಂಡು ಭಾರ ಹೊರುತ್ತವೆ. ನಾಲ್ಕು ಕಾಲಿನ ಮಂಚ ಹಾಗಲ್ಲ. ನೆಲ ಒಂದಿಷ್ಟು ತಗ್ಗಿದ್ದರೆ ಒಂದು ಕಾಲು ಗಾಳಿಯಲ್ಲಿರುತ್ತದೆ. ಮೂರು ಆಧಾರ ಇದ್ದಾಗ ಪ್ರತಿಯೊಂದರ ಪಾಲು ಎಷ್ಟು ಎಂದು ಸ್ಟ್ಯಾಟಿಕ್ಸ್ ಸಮೀಕರಣಗಳಿಂದಲೇ ಹೇಳಬಹುದು. ನಾಲ್ಕು ಇದ್ದರೆ ಅಷ್ಟು ಸಾಲದು, ನೆಲ ಎಷ್ಟು ತಗ್ಗಿದೆ, ಮರ ಎಷ್ಟು ಬಗ್ಗುತ್ತದೆ ಎಂಬುದೂ ಗೊತ್ತಿರಬೇಕು. ಮೊದಲ ವರ್ಷದ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆ ಬರೆದು ಮರೆಯುತ್ತಾರೆ. ಜಾತ್ರೆಯ ಬೀದಿಯಲ್ಲಿ ಇದರ ಅರ್ಥ ಬೇರೆಯೇ. ರಸ್ತೆಯಲ್ಲಿ ಒಂದು ಗುಂಡಿ, ಒಂದು ಹಂಪ್, ಪೈಪ್ ಹಾಕಲು ಅಗೆದು ಸರಿಯಾಗಿ ಮುಚ್ಚದ ಒಂದು ಜಾಗ ಸಿಕ್ಕರೂ ಎದುರುಬದುರು ಮೂಲೆಯ ಎರಡೇ ಗಾಲಿಗಳ ಮೇಲೆ ಬಹುತೇಕ ಭಾರ ಬೀಳುತ್ತದೆ. ಆರೂಕಾಲು ಟನ್ ಇದ್ದದ್ದು ಒಂದು ಕ್ಷಣದಲ್ಲಿ ಹನ್ನೆರಡೂವರೆಯಾಗುತ್ತದೆ.

ಇನ್ನು ಅಚ್ಚಿನ ಬಲ. ದುಂಡನೆಯ ಅಚ್ಚು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. 12 ಇಂಚಿನ ಮರದ ಅಚ್ಚಿಗೆ ಸುತ್ತಲೂ ಒಂದೊಂದು ಇಂಚು ಹುಳು ಹಿಡಿದರೆ, ಅಥವಾ ಒದ್ದೆಯಿಂದ ಮೆತ್ತಗಾದರೆ, ಒಳಗೆ ಗಟ್ಟಿ ಉಳಿಯುವುದು 10 ಇಂಚು. ನೋಡುವವರಿಗೆ 'ಏನು ಮಹಾ, ಒಂದಿಂಚು ಹೋಗಿದೆ' ಅನಿಸುತ್ತದೆ. ಆದರೆ ಬಲ ಶೇ 58ಕ್ಕೆ ಇಳಿದಿರುತ್ತದೆ. ಭಾರ ಎರಡು ಪಟ್ಟು, ಬಲ ಶೇ 58. ಎರಡನ್ನೂ ಸೇರಿಸಿದರೆ ಆ ಗುಂಡಿಗೆ ಇಳಿದ ಕ್ಷಣದಲ್ಲಿ ಗಟ್ಟಿ ಮರದ ಮೇಲಿನ ಒತ್ತಡ ಮೂರೂವರೆ ಪಟ್ಟಿನ ಹತ್ತಿರ ಬರುತ್ತದೆ. ಹೋದ ವರ್ಷವೂ ಹುಳು ಇತ್ತು, ಗುಂಡಿ ಇರಲಿಲ್ಲ. ಅದರ ಹಿಂದಿನ ವರ್ಷ ಗುಂಡಿ ಇತ್ತು, ಹುಳು ಇಷ್ಟು ಒಳಗೆ ಹೋಗಿರಲಿಲ್ಲ. ಎರಡೂ ಒಂದೇ ದಿನ ಕೂಡಿದಾಗ ಅಚ್ಚು ಹೋಗುತ್ತದೆ. ಜನ ಆ ದಿನಕ್ಕೆ ಅರ್ಥ ಹುಡುಕುತ್ತಾರೆ.

ತೇರು ವರ್ಷದ ಬಹುಪಾಲು ನಿಂತೇ ಇರುವುದರಿಂದ ಅಚ್ಚಿನ ಒಂದೇ ಮಗ್ಗುಲು ಭಾರ ಹೊರುತ್ತಿರುತ್ತದೆ. ಗಾಲಿ ಕೂರುವ ಜಾಗ ಹೊರಗಿನಿಂದ ಕಾಣುವುದೂ ಇಲ್ಲ, ಬಣ್ಣ ಬಳಿದರೆ ಮುಗಿಯಿತು.

ಒಂದೇ ಕೊಂಡಿಯ ಮೇಲೆ ಎಲ್ಲವೂ ನಿಂತಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಜಿಲ್ಲೆ 2024ರಲ್ಲಿ ಕಂಡಿದೆ. ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನೀರು ನಿಲ್ಲಿಸಬೇಕಾಯಿತು. ಚೈನಿನಲ್ಲಿ ಭಾರಕ್ಕೆ ಬೇರೆ ದಾರಿ ಇರುವುದಿಲ್ಲ, ಒಂದು ಕೊಂಡಿ ಹೋದರೆ ಎಲ್ಲ ಹೋದಂತೆ. ತೇರಿನ ಅಚ್ಚೂ ಹಾಗೆಯೇ. ಅಚ್ಚಿನ ಪಕ್ಕದಲ್ಲಿ, ನೆಲದಿಂದ ಗೇಣುದ್ದ ಮೇಲೆ, ತೇರುಗಡ್ಡೆಗೆ ಗಟ್ಟಿ ಉಕ್ಕಿನ ಆಧಾರದ ಕಾಲು ಕೂರಿಸಿದ್ದರೆ ಅಚ್ಚು ಮುರಿದರೂ ಬದಿ 3 ಅಡಿ ಕುಸಿಯುವುದಿಲ್ಲ, ಮುಕ್ಕಾಲು ಅಡಿಗೆ ನಿಲ್ಲುತ್ತದೆ. ಮೇಲಿನ ಲೆಕ್ಕದಲ್ಲಿ 3ರ ಬದಲು 0.75 ಹಾಕಿ ನೋಡಿ. ಗುರುತ್ವ ಕೇಂದ್ರ 120 ಅಡಿ ತೇರಿನಲ್ಲೂ ಸರಿಯುವುದು ಬರೀ 1.6 ಅಡಿ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಸ್ಟ್ಯಾಟಿಕ್ಸ್‌ನಲ್ಲಿ ಅಪರೂಪ.

ಗಾಳಿಯ ಪಾಲು

ಅಚ್ಚು ಗಟ್ಟಿ ಇದ್ದರೂ ತೇರು ಬೀಳಬಹುದು. ಬೆಂಗಳೂರಿನ ಹತ್ತಿರ ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮ ಜಾತ್ರೆಯಲ್ಲಿ 100 ಅಡಿಗೂ ಎತ್ತರದ ತೇರುಗಳು ಬರುತ್ತವೆ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿ-ಮಳೆಗೆ ಎರಡು ತೇರುಗಳು ಉರುಳಿ ಜೀವಹಾನಿಯೂ ಆಯಿತು.

ಗಂಟೆಗೆ 60 ಕಿ.ಮೀ. ಗಾಳಿ ಅಡ್ಡ ಬಂದರೆ ಪ್ರತಿ ಚದರ ಮೀಟರಿಗೆ ಸುಮಾರು 17 ಕಿಲೋ ಒತ್ತುತ್ತದೆ. ನಮ್ಮ ಲೆಕ್ಕದ 60 ಅಡಿ ತೇರು ಸರಾಸರಿ 11 ಅಡಿ ಅಗಲವಿದ್ದರೆ ಅದರ ಮೇಲೆ ಒಟ್ಟು 1 ಟನ್ ಬಲ, ನಡು ಎತ್ತರ 30 ಅಡಿಯಲ್ಲಿ. ಉರುಳಿಸುವ ಬಲ 30 ಟನ್-ಅಡಿ. ತಡೆಯುವುದು ತೇರಿನ ಭಾರ, 25 ಟನ್ ಗುಣಿಸು 5 ಅಡಿ, 125 ಟನ್-ಅಡಿ. ಆರಾಮಾಗಿ ನಿಲ್ಲುತ್ತದೆ.

120 ಅಡಿಯದು ಹೇಗೆ? ಗಾಳಿ ಬಡಿಯುವ ಜಾಗ ಎರಡು ಪಟ್ಟು, ಆದ್ದರಿಂದ ಬಲ 2 ಟನ್. ಅದು ಬೀಳುವ ಎತ್ತರವೂ ಎರಡು ಪಟ್ಟು, 60 ಅಡಿ. ಉರುಳಿಸುವ ಬಲ 120 ಟನ್-ಅಡಿ. ಎತ್ತರ ದುಪ್ಪಟ್ಟು ಮಾಡಿದ್ದಕ್ಕೆ ಗಾಳಿಯ ಕೈ ನಾಲ್ಕು ಪಟ್ಟಾಯಿತು. ತಡೆಯುವ ಬಲ ಬರೀ 145. ಗಾಳಿ 60ರಿಂದ 70 ಕಿ.ಮೀ.ಗೆ ಏರಿದರೆ ಉರುಳಿಸುವ ಬಲ 163 ದಾಟುತ್ತದೆ, ಯಾಕೆಂದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೇಸಿಗೆಯ ಮಳೆ ಬರುವ ಮೊದಲಿನ ಬಿರುಗಾಳಿಗೆ 70 ಕಿ.ಮೀ. ದೊಡ್ಡ ಮಾತಲ್ಲ. ಪಕ್ಕದೂರಿನ ತೇರಿಗಿಂತ ಎತ್ತರ ಕಟ್ಟಬೇಕು ಎಂಬ ಹುಮ್ಮಸ್ಸಿಗೆ ಕೊಡುವ ಬೆಲೆ ಇದು.

'ನಾಲ್ಕೂ ಕಡೆ ಹಗ್ಗ ಹಿಡಿದು ಜನ ನಿಂತಿರುತ್ತಾರೆ, ಹೇಗೆ ಬೀಳುತ್ತದೆ?' ಎಂದು ಹಲವರು ಕೇಳುತ್ತಾರೆ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ತೇರು ಬಲಕ್ಕೆ ವಾಲಿದರೆ ಬಲಗಡೆಯ ಹಗ್ಗ ಸಡಿಲವಾಗಿ ಜೋತುಬೀಳುತ್ತದೆ, ತಡೆಯುವುದು ಎಡಗಡೆಯವರು ಮಾತ್ರ. ಆ ಹೊತ್ತಿಗೆ ಬಲಗಡೆ ನಿಂತವರು ಭಯಕ್ಕೆ ಜೋರಾಗಿ ಎಳೆದರೆ ತೇರನ್ನು ತಮ್ಮ ಮೇಲೇ ಎಳೆದುಕೊಂಡಂತೆ.

ತಮಿಳುನಾಡಿನ ತಿರುವಾರೂರಿನ ತೇರು 96 ಅಡಿ ಎತ್ತರ, ಸುಮಾರು 300 ಟನ್ ಎಂದು ಹೇಳುತ್ತಾರೆ. ಅದು ನಿಲ್ಲುವುದು ಭಾರದ ಬಹುಪಾಲು ಅಗಲವಾದ ಬುಡದಲ್ಲಿ ಇರುವುದರಿಂದ, ಮೇಲಿನದು ಬಿದಿರು, ಬಟ್ಟೆ. ಅದಕ್ಕೆ ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆಯ ಹೈಡ್ರಾಲಿಕ್ ಬ್ರೇಕ್ ಕೂಡ ಇದೆ. ಯಂತ್ರದ ಬ್ರೇಕ್ ಹಾಕಿದ್ದರಿಂದ ಆ ತೇರಿನ ಮೇಲಿನ ಭಕ್ತಿಗೇನೂ ಕಡಿಮೆಯಾಗಿಲ್ಲ.

ಮೈಲಾರದ ಬಿಲ್ಲು, ಹರಪನಹಳ್ಳಿಯ ಟ್ರೇಲರ್

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಪ್ಪ ಎತ್ತರದ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾರೆ. ಇದನ್ನೂ ಲೆಕ್ಕದ ಕಣ್ಣಿನಿಂದ ನೋಡಬಹುದು. ಒಂದೇ ಬಿಂದುವಿನ ಮೇಲೆ ನೆಟ್ಟಗೆ ನಿಂತ ಕೋಲು ತಾನಾಗಿ ನಿಲ್ಲಲಾರದು, ಗುರುತ್ವ ಕೇಂದ್ರ ಕೂದಲೆಳೆಯಷ್ಟು ಸರಿದರೂ ಬೀಳುತ್ತದೆ. ಅದನ್ನು ನಿಲ್ಲಿಸುವುದು ಬುಡದಲ್ಲಿ ಹಿಡಿದವರ ಕೈಗಳು. ಕೆಲವರು ಕೆಳಗೆ, ಕೆಲವರು ಸ್ವಲ್ಪ ಮೇಲೆ ಹಿಡಿದು ವಿರುದ್ಧ ದಿಕ್ಕಿಗೆ ಒತ್ತಿದರೆ ತಿರುಗಿಸುವ ಬಲಕ್ಕೆ ಎದುರು ಬಲ ಸಿಗುತ್ತದೆ. ಹಿಡಿತಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಕೆಲಸ ಹಗುರ. ಕಾರ್ಣಿಕ ನುಡಿದು ಕೆಳಗೆ ಬೀಳುವ ಗೊರವಪ್ಪನನ್ನು ಭಕ್ತರು ಕೈಯಲ್ಲಿ ಹಿಡಿಯುತ್ತಾರೆ. 25 ಟನ್ ತೇರನ್ನು ಹಿಡಿಯುವ ಕೈಗಳಿಲ್ಲ.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಟ್ರೇಲರಿಗೆ ಮೆಕ್ಕೆಜೋಳದ ಸೊಪ್ಪೆ, ಶೇಂಗಾ ಹೊಟ್ಟು ಹೇರುವಾಗಲೂ ಇದೇ ಲೆಕ್ಕ. ಮೂಟೆ ತುಂಬಿದ ಟ್ರೇಲರಿಗಿಂತ ಹಗುರವಾದ ಸೊಪ್ಪೆ ಹೇರಿದ್ದೇ ಕಾಲುವೆ ಏರಿಯ ಮೇಲೆ ಬೇಗ ಮಗುಚುತ್ತದೆ. ಭಾರ ಕಮ್ಮಿ ಇದ್ದರೂ ಕೇಂದ್ರ ಮೇಲಿರುತ್ತದೆ, ಗಾಳಿ ಬಡಿಯುವ ಜಾಗವೂ ದೊಡ್ಡದು. ಅದರ ತುದಿಯಲ್ಲಿ ನಾಲ್ಕು ಜನ ಕೂತರೆ ಕೇಂದ್ರ ಇನ್ನೂ ಮೇಲಕ್ಕೆ.

ಜಾತ್ರೆಗೆ ಹೋಗುವವರಿಗೆ, ತೇರು ಕಟ್ಟುವವರಿಗೆ

60 ಅಡಿಯ ತೇರು ಬುಡದಿಂದ ಉರುಳಿದರೆ ಕಳಸ ಬಂದು ಬೀಳುವುದು ಸುಮಾರು 60 ಅಡಿ ದೂರದಲ್ಲಿ. ಹಾಗಾಗಿ ತೇರಿನ ಎರಡೂ ಮಗ್ಗುಲಲ್ಲಿ ಅದರ ಎತ್ತರದಷ್ಟು ದೂರ ಅಪಾಯದ ಜಾಗವೇ. ಕಿರಿದಾದ ಬೀದಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಅದು ನಮಗೂ ಗೊತ್ತು. ಕನಿಷ್ಠ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಗ್ಗುಲಲ್ಲಿ ನಿಲ್ಲಬೇಡಿ. ಗಾಲಿಗೆ ಮರದ ಅಡ್ಡೆ ಕೊಡುವವರನ್ನು ಬಿಟ್ಟು ಬೇರೆಯವರು ಗಾಲಿಯ ಹತ್ತಿರ ಹೋಗಬಾರದು. ಉತ್ತತ್ತಿ, ಬಾಳೆಹಣ್ಣು ಎಸೆಯುವುದಿದ್ದರೆ ದೂರದಿಂದಲೇ ಎಸೆಯಿರಿ.

ಕಮಿಟಿಯವರು ಜಾತ್ರೆಗೆ ತಿಂಗಳು ಮೊದಲೇ ಜ್ಯಾಕ್ ಕೊಟ್ಟು ತೇರನ್ನು ಎತ್ತಿ, ಗಾಲಿ ಬಿಚ್ಚಿ, ಅಚ್ಚಿನ ಮುಚ್ಚಿದ ಭಾಗವನ್ನು ನೋಡಬೇಕು. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಮರದ ಸದ್ದೇ ಬೇರೆ. ಸಣ್ಣ ಉಳಿ ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಅಚ್ಚನ್ನು ನಂಬಬಾರದು. ತೇರಿನ ದಾರಿಯ ಗುಂಡಿ, ಹಂಪ್‌ಗಳನ್ನು ಸರಿಮಾಡಿಸಬೇಕು. ಮೇಲೆ ಎಷ್ಟು ಜನ ಹತ್ತಬಹುದು ಎಂದು ಮೊದಲೇ ತೀರ್ಮಾನಿಸಬೇಕು. ಗಾಳಿ ಎದ್ದರೆ ತೇರು ನಿಲ್ಲಿಸಲು ಯಾರು ಹೇಳಬೇಕು ಎಂಬುದೂ ಮೊದಲೇ ಗೊತ್ತಿರಬೇಕು.

ಊರಲ್ಲಿ ಡಿಪ್ಲೊಮಾ ಓದುವ ಹುಡುಗ-ಹುಡುಗಿಯರಿದ್ದರೆ ಒಂದು ಟೇಪು ಕೊಟ್ಟು ಕಳಿಸಿ. ಗಾಲಿಗಳ ನಡುವಿನ ಅಗಲ, ತೇರುಗಡ್ಡೆಯ ಅಳತೆ, ಮೇಲಿನ ಕಟ್ಟಿನ ಎತ್ತರ, ಅಚ್ಚಿನ ವ್ಯಾಸ, ತೇರುಗಡ್ಡೆಗೂ ನೆಲಕ್ಕೂ ಇರುವ ಅಂತರ ಬರೆದುಕೊಂಡರೆ ಉಳಿದದ್ದು ಒಂದು ಸಂಜೆಯ ಲೆಕ್ಕ. ಅವರ ಲೆಕ್ಚರರ್ ಒಮ್ಮೆ ನೋಡಿ ತಿದ್ದಿಕೊಡಲಿ. ಮುಂದಿನ ಸಲ ಗ್ರೂಪಿಗೆ ತೇರು ಬಿದ್ದ ವಿಡಿಯೊ ಬಂದರೆ ಯಾವ ಊರು, ಯಾವ ವರ್ಷ ಎಂದು ಕೇಳಿ. ಆಮೇಲೆ ಅದರ ಕೆಳಗೆ ನಿಮ್ಮೂರ ತೇರಿನ ಲೆಕ್ಕದ ಫೋಟೊ ಹಾಕಿ.